ಸಿ ಸಾಲಿನ ತಾತ

ಅಮೆರಿಕದಲ್ಲಿ ನಾನು ಮೊದಲ ಸಲ ವೋಟು ಹಾಕಿದ್ದು 2012ರ ನವೆಂಬರ್‌ನಲ್ಲಿ. ಸಿಟಿಜನ್ ಆಗಿ ಆಗಿನ್ನೂ ನಾಲ್ಕು ತಿಂಗಳಾಗಿತ್ತು. ಸ್ಯಾಂಡಿ ಚಂಡಮಾರುತ ಬಂದು ಹೋಗಿ ಒಂದು ವಾರ. ನಮ್ಮ ಬೀದಿಯಲ್ಲಿ ಎರಡು ಮರ ಇನ್ನೂ ಅಡ್ಡ ಬಿದ್ದಿದ್ದವು. ಅವನ್ನು ಸುತ್ತಿಕೊಂಡು ಹೋಗಿ, ಒಂದು ಶಾಲೆಯ ಜಿಮ್ಮಿನಲ್ಲಿ ಸಾಲಿನಲ್ಲಿ ನಿಂತು, ಬ್ಯಾಲೆಟ್ ಇಸಿದುಕೊಂಡು ನೋಡಿದರೆ ತಲೆ ತಿರುಗಿತು. ಒಬಾಮಾ ಹೆಸರು ಎರಡು ಕಡೆ ಇದೆ. ರಾಮ್ನಿ ಹೆಸರೂ ಎರಡು ಕಡೆ ಇದೆ!

ನಾನು ತಿಪಟೂರಿನವಳು. ಊರಲ್ಲಿ ಕೊನೆಯ ಸಲ ವೋಟು ಹಾಕಿದ್ದು 1996ರಲ್ಲಿ. ಆಗ ಕಾಗದದ ಮೇಲೆ ಸೀಲು ಒತ್ತಿ, ಮಡಚಿ, ಡಬ್ಬಕ್ಕೆ ಹಾಕುವ ಕಾಲ. ಒಬ್ಬ ಅಭ್ಯರ್ಥಿ, ಒಂದು ಹೆಸರು, ಒಂದು ಗುರುತು. ಇಲ್ಲಿ ಪ್ರಿಂಟ್ ಮಾಡುವವರು ತಪ್ಪು ಮಾಡಿದ್ದಾರೆ ಅಂತಲೇ ಅಂದುಕೊಂಡೆ. ಮೇಜಿನ ಹಿಂದೆ ಕೂತಿದ್ದ ಹೆಂಗಸನ್ನು ಕೇಳಿದೆ. 'ಯಾವುದಾದರೂ ಒಂದು ತುಂಬಿ, ಅಷ್ಟೇ' ಅಂದಳು. ಯಾವುದಾದರೂ ಒಂದು ಅಂದಮೇಲೆ ಎರಡು ಯಾಕಿವೆ ಅಂತ ಕೇಳಲು ಧೈರ್ಯ ಬರಲಿಲ್ಲ. ಹಿಂದೆ ಜನ ಕಾಯುತ್ತಿದ್ದರು.

ನಾವಿರುವುದು ಪೊಕಿಪ್ಸಿಯಲ್ಲಿ. ಹಡ್ಸನ್ ನದಿಯ ದಡದ ಊರು. ನ್ಯೂಯಾರ್ಕ್ ನಗರದಿಂದ ರೈಲು ಹತ್ತಿದರೆ ಹೆಚ್ಚುಕಮ್ಮಿ ಎರಡು ಗಂಟೆ, ಆ ಲೈನಿನ ಕೊನೆಯ ನಿಲ್ದಾಣ. ಊರಿನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ನಮ್ಮಪ್ಪನಿಗೆ ಇವತ್ತಿಗೂ ಬಂದಿಲ್ಲ. ಕಂಪ್ಯೂಟರ್ ಕಂಪನಿಯ ದೆಸೆಯಿಂದ ಇಲ್ಲಿಗೆ ಬಂದು ನೆಲೆಸಿದ ಕನ್ನಡದವರು ಸಾಕಷ್ಟು ಜನ ಇದ್ದೇವೆ. ನಮ್ಮಲ್ಲಿ ರಾಜಕೀಯ ಮಾತಾಡುವುದು ಜಾಸ್ತಿ. ಆದರೆ ಅದೆಲ್ಲ ಬೆಂಗಳೂರಿನ ರಾಜಕೀಯ. ಇಲ್ಲಿನ ಸೆನೆಟರ್ ಯಾರು ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ನನಗೆ ಇಲ್ಲಿನ ರಾಜಕೀಯ ಕಲಿಸಿದ್ದು ಪಕ್ಕದ ಮನೆಯ ತಾತ. ನನ್ನ ಮಕ್ಕಳು ಅವರಿಗೆ ಇಟ್ಟ ಹೆಸರು 'ಸ್ನೋ ತಾತ'. ಹಿಮ ಬಿದ್ದ ಬೆಳಿಗ್ಗೆ ಐದೂವರೆಗೆಲ್ಲ ಮೆಷಿನ್ ಗುಡುಗುಡು ಅನ್ನಿಸಿಕೊಂಡು ತಮ್ಮ ಡ್ರೈವ್‌ವೇ ಮುಗಿಸಿ, ಹೇಳದೆ ಕೇಳದೆ ನಮ್ಮದನ್ನೂ ಬಳಿದುಬಿಡುತ್ತಿದ್ದರು. ನಾನು ಬದಲಿಗೆ ಚಿತ್ರಾನ್ನ ಕೊಡುತ್ತಿದ್ದೆ. ಕಡಲೆಬೀಜ ಮಾತ್ರ ಆರಿಸಿ ತಿನ್ನುತ್ತಿದ್ದರು ಅಂತ ಅವರ ಹೆಂಡತಿ ಆಮೇಲೆ ಹೇಳಿದರು.

ಆ ವಾರ ಅವರು ಬಿದ್ದ ಕೊಂಬೆಗಳನ್ನು ಕತ್ತರಿಸುತ್ತಿದ್ದರು. ಬ್ಯಾಲೆಟ್ ಗೊಂದಲ ಹೇಳಿದೆ. ಗರಗಸ ಕೆಳಗಿಟ್ಟರು.

'ನೀನು ಯಾವ ಸಾಲಿನಲ್ಲಿ ತುಂಬಿದೆ?'

'ಎ.'

'ಹ್ಞೂಂ. ನಾನು ಸಿ. 1966ರಿಂದ ಸಿ. ನಡುವೆ ಸ್ವಲ್ಪ ವರ್ಷ ಡಿ ಆಗಿತ್ತು. ಅದೊಂದು ದರಿದ್ರ ಕಥೆ.'

ಹಾಗೆ ಶುರುವಾಯಿತು ನೋಡಿ. ಸಿ ಸಾಲು ಅಂದರೆ ನ್ಯೂಯಾರ್ಕ್ ರಾಜ್ಯದ ಕನ್ಸರ್ವೇಟಿವ್ ಪಾರ್ಟಿ. ಇದು ರಿಪಬ್ಲಿಕನ್ ಪಾರ್ಟಿಯ ಇನ್ನೊಂದು ಹೆಸರಲ್ಲ. ಬೇರೆಯದೇ ಪಾರ್ಟಿ. ಈ ರಾಜ್ಯದಲ್ಲಿ ಮಾತ್ರ ಇದೆ. ಕೋಟಿಗೂ ಮೀರಿದ ವೋಟರುಗಳಲ್ಲಿ ಇದಕ್ಕೆ ಹೆಸರು ನೋಂದಾಯಿಸಿದವರು ಒಂದೂವರೆ ಲಕ್ಷದ ಆಸುಪಾಸು. ಕನ್ನಡದಲ್ಲಿ 'ಸಂಪ್ರದಾಯವಾದಿ' ಅಂದರೆ ನಮ್ಮ ಕಣ್ಣಿಗೆ ಮಡಿ, ಮೈಲಿಗೆ, ಏಕಾದಶಿ ಬರುತ್ತವೆ. ಇವರದು ಅದಲ್ಲ. ತೆರಿಗೆ ಕಮ್ಮಿ ಇರಬೇಕು, ಸರ್ಕಾರ ಸಣ್ಣದಿರಬೇಕು, ಗರ್ಭಪಾತ ಬೇಡ, ಪೊಲೀಸರ ಕೈ ಕಟ್ಟಬೇಡಿ. ಹೆಚ್ಚುಕಮ್ಮಿ ಇಷ್ಟು.

ಒಂದೇ ಹೆಸರು ಎರಡು ಕಡೆ ಇರುವ ಗುಟ್ಟನ್ನು ತಾತ ಹಿಮದ ಮೇಲೆ ಕೋಲಿನಿಂದ ಗೀಚಿ ತೋರಿಸಿದರು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಆವತ್ತು ಹಿಮ ಇರಲಿಲ್ಲ. ಸುಮ್ನೆ ಬಾಯಲ್ಲೇ ಹೇಳಿದರು. ಈ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿಯನ್ನು ಎರಡು ಮೂರು ಪಾರ್ಟಿಗಳು ನಿಲ್ಲಿಸಬಹುದು. ಪ್ರತಿ ಪಾರ್ಟಿಗೆ ಬ್ಯಾಲೆಟ್ಟಿನಲ್ಲಿ ತನ್ನದೇ ಸಾಲು: ಎ ಡೆಮಾಕ್ರಟಿಕ್, ಬಿ ರಿಪಬ್ಲಿಕನ್, ಸಿ ಕನ್ಸರ್ವೇಟಿವ್, ಹೀಗೆ. ಎಲ್ಲ ಸಾಲಿನ ವೋಟು ಕೂಡಿಸಿ ಆ ಮನುಷ್ಯನ ಲೆಕ್ಕಕ್ಕೆ ಹಾಕುತ್ತಾರೆ. ಹಿಂದೆ ಬಹಳ ರಾಜ್ಯಗಳಲ್ಲಿ ಹೀಗಿತ್ತಂತೆ. 1900ರ ಆಚೀಚೆ ಹೆಚ್ಚಿನ ರಾಜ್ಯಗಳು ಬೇಡ ಅಂತ ಕಾನೂನು ಮಾಡಿದವು. ನ್ಯೂಯಾರ್ಕ್, ಕನೆಕ್ಟಿಕಟ್‌ನಂಥ ಕೆಲವೇ ಕಡೆ ಉಳಿದುಕೊಂಡಿದೆ. ಇದಕ್ಕೆ ಫ್ಯೂಷನ್ ಅನ್ನುತ್ತಾರೆ.

ಅಂದರೆ ತಾತ ರಾಮ್ನಿಗೇ ವೋಟು ಹಾಕಿದ್ದು. ಆದರೆ ರಿಪಬ್ಲಿಕನ್ ಸಾಲಿನಲ್ಲಿ ಅಲ್ಲ.

'ಎರಡೂ ಒಂದೇ ಅಲ್ವಾ?' ಅಂದೆ.

'ಒಂದೇ ಅಲ್ಲ. ಬಿ ಸಾಲಿನಲ್ಲಿ ಹಾಕಿದರೆ ಅವನು ಗೆಲ್ಲಲಿ ಅಂತ. ಸಿ ಸಾಲಿನಲ್ಲಿ ಹಾಕಿದರೆ, ಗೆಲ್ಲು, ಆದರೆ ನಾನು ನೋಡ್ತಾ ಇದ್ದೀನಿ ಅಂತ.'

ಆ ಮಾತು ನನಗೆ ಬಹಳ ಹಿಡಿಸಿತು. ಅವರ ಪಾರ್ಟಿ ಹಿಡಿಸಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗರ್ಭಪಾತ, ಬಂದೂಕು, ವಲಸೆ, ಯಾವುದರಲ್ಲೂ ನಾನೂ ತಾತನೂ ಒಂದು ಕಡೆ ನಿಂತವರಲ್ಲ.

ತಾತ ಹುಟ್ಟಿದ್ದು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ. ಐರಿಷ್ ಕ್ಯಾಥೊಲಿಕ್ ಮನೆ, ಅಪ್ಪ ಬಸ್ ಡ್ರೈವರ್. ಪಾರ್ಟಿ ಹುಟ್ಟಿದ್ದೂ ಅಂಥ ಜನರ ನಡುವೆಯೇ. 1962ರಲ್ಲಿ ಡೇನಿಯಲ್ ಮಹೋನಿ, ಕೀರನ್ ಓ'ಡೋಹರ್ಟಿ ಅನ್ನುವ ಇಬ್ಬರು ಲಾಯರುಗಳು ಕಟ್ಟಿದರು. ಇಬ್ಬರೂ ಭಾವ-ಭಾಮೈದ. ಇಬ್ಬರಿಗೂ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ನೆಲ್ಸನ್ ರಾಕ್‌ಫೆಲರ್ ಮೇಲೆ ಸಿಟ್ಟು. ರಾಕ್‌ಫೆಲರ್ ರಿಪಬ್ಲಿಕನ್ನೇ, ಆದರೆ ಧಾರಾಳವಾಗಿ ಖರ್ಚು ಮಾಡುವ, ಉದಾರವಾದಿ ರಿಪಬ್ಲಿಕನ್. ರಾಜ್ಯದಲ್ಲಿ ಆಗಲೇ ಲಿಬರಲ್ ಪಾರ್ಟಿ ಅಂತ ಒಂದಿತ್ತು, 1944ರದು. ಅದು ತನ್ನ ಸಾಲನ್ನು ಕೊಟ್ಟೋ ಕೊಡದೆಯೋ ದೊಡ್ಡ ಪಾರ್ಟಿಗಳನ್ನು ಎಡಕ್ಕೆ ಎಳೆಯುತ್ತಿತ್ತು. ಅದೇ ಹಗ್ಗವನ್ನು ಬಲಕ್ಕೆ ಎಳೆಯೋಣ ಅಂತ ಇವರು ಹೊರಟರು. ಹೊಸ ತಂತ್ರವನ್ನೇನೂ ಹುಡುಕಲಿಲ್ಲ. ಎದುರಾಳಿಯದನ್ನೇ ನಕಲು ಹೊಡೆದರು.

ಮೊದಲ ಸಲ ಗವರ್ನರ್ ಚುನಾವಣೆಗೆ ನಿಂತವರು ಸಿರಕ್ಯೂಸ್‌ನ ಒಬ್ಬ ಉದ್ಯಮಿ, ಡೇವಿಡ್ ಜಾಕ್ವಿತ್. 1 ಲಕ್ಷ 41 ಸಾವಿರ ವೋಟು ಬಂತು. ಗೆಲುವಿನ ಮಾತೇ ಇಲ್ಲ. ಆದರೆ ಆಗಿನ ಕಾನೂನು ಕೇಳಿದ್ದು 50 ಸಾವಿರ. ಗವರ್ನರ್ ಚುನಾವಣೆಯಲ್ಲಿ ಅಷ್ಟು ಬಂದರೆ ಮುಂದಿನ ನಾಲ್ಕು ವರ್ಷ ಬ್ಯಾಲೆಟ್ಟಿನಲ್ಲಿ ನಿನ್ನ ಸಾಲು ಖಾಯಂ. ಅವರಿಗೆ ಬೇಕಿದ್ದುದೂ ಅಷ್ಟೇ.

1965ರಲ್ಲಿ ತಾತನಿಗೆ 22. ಆಗ ವೋಟಿನ ವಯಸ್ಸು 21. ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆಗೆ ಕನ್ಸರ್ವೇಟಿವ್ ಸಾಲಿನಲ್ಲಿ ನಿಂತವರು ವಿಲಿಯಂ ಬಕ್ಲಿ. ಪತ್ರಿಕೆ ನಡೆಸುತ್ತಿದ್ದವರು, ಮಾತಿನ ಮಲ್ಲ. ಗೆದ್ದರೆ ಮೊದಲು ಏನು ಮಾಡುತ್ತೀರಿ ಅಂತ ಯಾರೋ ಕೇಳಿದ್ದಕ್ಕೆ, ಮರುಎಣಿಕೆ ಮಾಡಿ ಅಂತ ಕೇಳುತ್ತೇನೆ ಅಂದರಂತೆ. ತಾತ ಈ ಕಥೆಯನ್ನು ನನಗೆ ಕಡಿಮೆ ಅಂದರೂ ಆರು ಸಲ ಹೇಳಿದ್ದಾರೆ. ಪ್ರತಿ ಸಲ ಮೊದಲ ಸಲದಷ್ಟೇ ನಗುತ್ತಿದ್ದರು. ಬಕ್ಲಿಗೆ ನೂರಕ್ಕೆ 13 ವೋಟು ಬಂತು. ಗೆದ್ದವರು ರಿಪಬ್ಲಿಕನ್ ಮತ್ತು ಲಿಬರಲ್ ಎರಡೂ ಸಾಲಿನಲ್ಲಿದ್ದ ಜಾನ್ ಲಿಂಡ್ಸೆ. ನಾಲ್ಕು ವರ್ಷದ ನಂತರ ಇದೇ ಲಿಂಡ್ಸೆ ರಿಪಬ್ಲಿಕನ್ ಪ್ರೈಮರಿಯಲ್ಲಿ (ಪಾರ್ಟಿಯ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಸೋತು, ಲಿಬರಲ್ ಸಾಲನ್ನು ಹಿಡಿದುಕೊಂಡು ಮತ್ತೆ ಮೇಯರ್ ಆದರು. ಸಣ್ಣ ಸಾಲು ಅಂತ ಯಾರೂ ನಗುವ ಹಾಗಿಲ್ಲ.

1966ರಲ್ಲಿ ಗವರ್ನರ್ ಚುನಾವಣೆಯಲ್ಲಿ ಕನ್ಸರ್ವೇಟಿವರಿಗೆ 5 ಲಕ್ಷ 10 ಸಾವಿರ ಬಂತು. ಲಿಬರಲ್ ಅಭ್ಯರ್ಥಿ ಯಾರು ಗೊತ್ತಾ? ಹಳೆಯ ಅಧ್ಯಕ್ಷ ರೂಸ್‌ವೆಲ್ಟರ ಮಗ, ಅದೇ ಹೆಸರಿನ ಜೂನಿಯರ್. ಅವರಿಗೆ ಬಂದದ್ದು ಇದಕ್ಕಿಂತ ಸುಮಾರು 3 ಸಾವಿರ ಕಡಿಮೆ. ಸಾಲುಗಳ ಕ್ರಮವನ್ನು ಗವರ್ನರ್ ವೋಟಿನ ಮೇಲೆಯೇ ಇಡುವುದು. ಆ 3 ಸಾವಿರದಿಂದ ಸಿ ಸಾಲು ಲಿಬರಲರ ಕೈತಪ್ಪಿ ಇವರಿಗೆ ಬಂತು. ಪೊಕಿಪ್ಸಿಯಿಂದ ಹದಿನೈದು ನಿಮಿಷ ಹೋದರೆ ಹೈಡ್ ಪಾರ್ಕ್, ರೂಸ್‌ವೆಲ್ಟರ ಮನೆ ಇರುವ ಊರು. ನೆಂಟರು ಬಂದಾಗಲೆಲ್ಲ ನಾವು ಕರೆದುಕೊಂಡು ಹೋಗುತ್ತೇವೆ. ತಾತ ಮಾತ್ರ ಆ ಮನೆಗೆ ಒಂದು ಸಲವೂ ಕಾಲಿಟ್ಟಿಲ್ಲ!

ಅವರ ಪಾಲಿಗೆ ದೊಡ್ಡ ಹಬ್ಬ ಅಂದರೆ 1970. ರಾಬರ್ಟ್ ಕೆನಡಿ ಕೊಲೆಯಾದ ಮೇಲೆ ಖಾಲಿಯಾದ ಅಮೆರಿಕದ ಸೆನೆಟ್ ಸ್ಥಾನಕ್ಕೆ ರಾಕ್‌ಫೆಲರ್ ತಮ್ಮ ಕಡೆಯ ಚಾರ್ಲ್ಸ್ ಗುಡೆಲ್ ಅವರನ್ನು ನೇಮಿಸಿದ್ದರು. ಚುನಾವಣೆ ಬಂದಾಗ ಗುಡೆಲ್ ರಿಪಬ್ಲಿಕನ್ ಮತ್ತು ಲಿಬರಲ್ ಸಾಲಿನಲ್ಲಿ, ರಿಚರ್ಡ್ ಆಟಿಂಜರ್ ಡೆಮಾಕ್ರಟಿಕ್ ಸಾಲಿನಲ್ಲಿ, ವಿಲಿಯಂ ಬಕ್ಲಿಯ ಅಣ್ಣ ಜೇಮ್ಸ್ ಬಕ್ಲಿ ಕನ್ಸರ್ವೇಟಿವ್ ಸಾಲಿನಲ್ಲಿ. ವಿಯೆಟ್ನಾಂ ಯುದ್ಧ ಬೇಡ ಅನ್ನುವವರ ವೋಟು ಮೊದಲಿನಿಬ್ಬರ ನಡುವೆ ಹಂಚಿಹೋಯಿತು. ಬಕ್ಲಿ ನೂರಕ್ಕೆ 39ರ ಹತ್ತಿರ ವೋಟು ತೆಗೆದುಕೊಂಡು ಗೆದ್ದರು. ಮೂರನೇ ಪಾರ್ಟಿಯ ಹೆಸರಿನಲ್ಲಿ ಅಮೆರಿಕದ ಸೆನೆಟ್‌ಗೆ! ಆ ರಾತ್ರಿ ಕ್ವೀನ್ಸ್‌ನ ತಮ್ಮ ಬೀದಿಯಲ್ಲಿ ಕಾರುಗಳ ಹಾರ್ನ್ ನಿಲ್ಲಲೇ ಇಲ್ಲ ಅಂತ ತಾತ ಹೇಳುತ್ತಿದ್ದರು.

ಆರು ವರ್ಷದ ಮೇಲೆ ಬಕ್ಲಿಯನ್ನು ಸೋಲಿಸಿದವರು ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್. ಈ ಹೆಸರು ನಮ್ಮ ಹಿರಿಯರಿಗೆ ನೆನಪಿರಬಹುದು. 1973ರಿಂದ 75ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿ ಆಗಿದ್ದವರು. ನಮ್ಮಪ್ಪನಿಗೆ ಹೇಳಿದರೆ ಥಟ್ಟನೆ, 'ಗೊತ್ತು ಕಣಮ್ಮ, ಬೋ ಟೈ ಕಟ್ತಿದ್ದೋರು' ಅಂದರು.

ಅಪ್ಪ ಬಂದರು ಅಂದಮೇಲೆ ತಿಪಟೂರಿಗೇ ಹೋಗೋಣ. ಅಪ್ಪನದು ಕೊಬ್ಬರಿ ಮಂಡಿ. ಈಗ ಬಿಟ್ಟಿದ್ದಾರೆ, ಆದರೂ ಬೆಳಿಗ್ಗೆ ಕೊಬ್ಬರಿ ರೇಟು ಕೇಳದೆ ಕಾಫಿ ಇಳಿಯುವುದಿಲ್ಲ. 2012ರ ಡಿಸೆಂಬರ್‌ನಲ್ಲಿ ಅಲ್ಲಿ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಹಾವೇರಿಯಲ್ಲಿ ಸಮಾವೇಶ ಮಾಡಿ ಕೆಜೆಪಿ ಶುರು ಮಾಡಿದ್ದರು. ಗುರುತು ತೆಂಗಿನಕಾಯಿ. ತಿಪಟೂರಿನವರಿಗೆ ಇದಕ್ಕಿಂತ ಏನು ಬೇಕು. ಅಪ್ಪ ಫೋನಿನಲ್ಲಿ ಬರೀ ಅದೇ ಮಾತು. ಸರಿಯಾಗಿ ಅದೇ ಡಿಸೆಂಬರ್‌ನಲ್ಲಿ ನಮ್ಮ ಪೊಕಿಪ್ಸಿಯಲ್ಲಿ ಸ್ಟೀಫನ್ ಸಾಲಂಡ್ ಸೋಲೊಪ್ಪಿಕೊಂಡರು. ಎರಡು ಕಥೆಯನ್ನೂ ಒಟ್ಟೊಟ್ಟಿಗೆ ಕೇಳಿದ್ದರಿಂದಲೇ ನನಗೆ ಎರಡೂ ಅರ್ಥವಾದವು ಅನ್ನಿಸುತ್ತದೆ.

ಸಾಲಂಡ್ ಆಗ ನಮ್ಮ ರಾಜ್ಯ ಸೆನೆಟರ್. ರಿಪಬ್ಲಿಕನ್. ಮೂವತ್ತು ವರ್ಷಕ್ಕೂ ಮೀರಿ ರಾಜ್ಯದ ರಾಜಧಾನಿ ಆಲ್ಬನಿಯ ಶಾಸಕಾಂಗದಲ್ಲಿ ಕೂತವರು. 2009ರಲ್ಲಿ ಸಲಿಂಗ ಮದುವೆಯ ಮಸೂದೆ ಬಂದಾಗ ಬೇಡ ಅಂದಿದ್ದರು. 2011ರ ಜೂನ್ 24ರ ರಾತ್ರಿ ಮತ್ತೆ ಬಂತು. ಕನ್ಸರ್ವೇಟಿವ್ ಪಾರ್ಟಿಯ ಅಧ್ಯಕ್ಷ ಮೈಕ್ ಲಾಂಗ್ ಮೊದಲೇ ಹೇಳಿಬಿಟ್ಟಿದ್ದರು: ಇದಕ್ಕೆ ಹೌದು ಅಂದವರಿಗೆ ನಮ್ಮ ಸಾಲು ಸಿಗುವುದಿಲ್ಲ. ಲಾಂಗ್ ಬ್ರೂಕ್ಲಿನ್‌ನ ಬೇ ರಿಡ್ಜ್‌ನಲ್ಲಿ ಮದ್ಯದಂಗಡಿ ಇಟ್ಟುಕೊಂಡಿದ್ದವರು. 1988ರಿಂದ 2019ರವರೆಗೆ ಮೂವತ್ತು ವರ್ಷ ಪಾರ್ಟಿ ನಡೆಸಿದರು. ಗವರ್ನರ್ ಆಗಬೇಕು ಅನ್ನುವ ರಿಪಬ್ಲಿಕನ್ನರೆಲ್ಲ ಅವರನ್ನು ಒಂದು ಸಲ ಕಂಡು ಬರಲೇಬೇಕಿತ್ತು. ಸಾಲಂಡ್ ಏನು ಮಾಡುತ್ತಾರೆ ಅಂತ ಕೊನೆಯವರೆಗೂ ಗೊತ್ತಿರಲಿಲ್ಲ. ಎದ್ದು ನಿಂತು, ಎಲ್ಲರನ್ನೂ ಸಮಾನವಾಗಿ ಕಾಣುವುದೇ ಸರಿ ಅಂತ ಮಾತಾಡಿ, ಹೌದು ಅಂದರು. 33-29. ಮಸೂದೆ ಪಾಸಾಯಿತು. ನಾನು ಟಿವಿ ಮುಂದೆ ಕೂತು ನೋಡುತ್ತಿದ್ದೆ. ಆಗ ವೋಟಿಲ್ಲದ ಗ್ರೀನ್ ಕಾರ್ಡಿನವಳು. ಆದರೂ ಕೈ ತಟ್ಟಿದೆ.

ಹೌದು ಅಂದ ರಿಪಬ್ಲಿಕನ್ನರು ಒಟ್ಟು ನಾಲ್ಕು ಜನ. ಒಬ್ಬರು ಮುಂದಿನ ಚುನಾವಣೆಗೆ ನಿಲ್ಲಲಿಲ್ಲ. ಒಬ್ಬರು ಪ್ರೈಮರಿಯಲ್ಲೇ ಸೋತರು. ಸಾಲಂಡ್ ಪ್ರೈಮರಿಯನ್ನು ಕೂದಲೆಳೆಯಲ್ಲಿ ದಾಟಿದರು. ಆದರೆ ಪ್ರೈಮರಿಯಲ್ಲಿ ಸೋತ ನೀಲ್ ಡಿ ಕಾರ್ಲೋ ನವೆಂಬರ್‌ನಲ್ಲಿ ಸಿ ಸಾಲಿನಲ್ಲಿ ಕೂತಿದ್ದರು. ಅವರಿಗೆ ಸುಮಾರು 17 ಸಾವಿರ ವೋಟು. ಸಾಲಂಡ್ ಸೋತದ್ದು ಡೆಮಾಕ್ರಟ್ ಟೆರಿ ಗಿಪ್ಸನ್ ಎದುರು, 2 ಸಾವಿರ ಚಿಲ್ಲರೆಯಲ್ಲಿ. ನಾಲ್ಕನೆಯವರು ಎರಡು ವರ್ಷ ತಡವಾಗಿ, 2014ರಲ್ಲಿ ಸೋತರು.

ತಾತನ ಮೇಲೆ ನನಗೆ ಸಿಟ್ಟು ಬಂದಿತ್ತು. ಅವರು ಡಿ ಕಾರ್ಲೋಗೆ ಹಾಕಿದ್ದರು. 'ನಿಮ್ಮಿಂದ ಡೆಮಾಕ್ರಟ್ ಗೆದ್ದ. ಏನು ಸಿಕ್ಕಿತು ನಿಮಗೆ?' ಅಂದೆ.

'ಎರಡು ವರ್ಷ ತಾಳು' ಅಂದರು.

ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರಿಗೆ ತಾತನ ಕಡೆಗೇ ಒಲವು. ಮುಖ ನೋಡದೆಯೇ. 2013ರ ಮೇನಲ್ಲಿ ನಮ್ಮ ಕಡೆ ಫಲಿತಾಂಶ ಬಂತು. ಕೆಜೆಪಿಗೆ ಸಿಕ್ಕಿದ್ದು ಆರೇ ಸೀಟು. ಆದರೆ ನೂರಕ್ಕೆ ಹತ್ತರ ಹತ್ತಿರ ವೋಟು. ಬಿಜೆಪಿ 110ರಿಂದ 40ಕ್ಕೆ ಇಳಿಯಿತು, ಕಾಂಗ್ರೆಸ್‌ಗೆ 122. ಎಂಟು ತಿಂಗಳಲ್ಲಿ ಕೆಜೆಪಿ ಮರಳಿ ಮನೆ ಸೇರಿತು. ಅಪ್ಪ ಹೇಳಿದ್ದು ಇಷ್ಟು: 'ನಮ್ಮಲ್ಲಿ ಜಗಳ ಆಡಿದರೆ ಬೇರೆ ಮನೆ ಮಾಡಲೇಬೇಕು ಕಣಮ್ಮ. ಬೇರೆ ಗುರುತು, ಬೇರೆ ಅಭ್ಯರ್ಥಿ. ನಿಮ್ಮಲ್ಲಿ ಅದೇ ಮನೆಯಲ್ಲಿದ್ದುಕೊಂಡು ಬೇರೆ ಒಲೆ ಹೂಡಬಹುದು. ನಿಮ್ಮ ತಾತನ ಪಾರ್ಟಿ ಮಂಡಿ ದಲ್ಲಾಳಿ ಇದ್ದ ಹಾಗೆ. ಅವನು ಕಾಯಿ ಬೆಳೆಯಲ್ಲ, ಕೊಬ್ಬರಿ ಕೊಳ್ಳಲ್ಲ. ಆದರೆ ಅವನು ಮುನಿಸಿಕೊಂಡರೆ ಆವತ್ತು ವ್ಯಾಪಾರ ಕುದುರಲ್ಲ.'

ರಾಜ್ಯಶಾಸ್ತ್ರ ಓದಿದವರು ಇದನ್ನೇ ಬಹಳ ಪುಟಗಳಲ್ಲಿ ಬರೆಯುತ್ತಾರೆ.

2014ರಲ್ಲಿ ಗಿಪ್ಸನ್ ಸೋತರು. ಗೆದ್ದ ಸೂ ಸೆರಿನೋ ಹೆಸರು ರಿಪಬ್ಲಿಕನ್ ಸಾಲಿನಲ್ಲೂ ಇತ್ತು, ಸಿ ಸಾಲಿನಲ್ಲೂ ಇತ್ತು. ತಾತ ಬೇಲಿಯ ಆ ಕಡೆಯಿಂದ ಎರಡು ಬೆರಳು ಎತ್ತಿ ತೋರಿಸಿದರು. ಎರಡು ವರ್ಷ ಅಂತಲೋ, ಗೆಲುವು ಅಂತಲೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ನಾನು ಚುನಾವಣೆಯ ಇನ್‌ಸ್ಪೆಕ್ಟರ್ ಆಗಿದ್ದೆ. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಕೂತು ಹೆಸರು ಹುಡುಕಿ, ಸಹಿ ಹಾಕಿಸಿ, ಬ್ಯಾಲೆಟ್ ಕೊಡುವ ಕೆಲಸ. ಈ ಕೆಲಸದವರಲ್ಲಿ ಅರ್ಧ ಡೆಮಾಕ್ರಟಿಕ್, ಅರ್ಧ ರಿಪಬ್ಲಿಕನ್ ಇರಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕಾಯಲಿ ಅಂತ. ಚುನಾವಣಾ ಮಂಡಳಿಯೂ ಹಾಗೇ ಅರ್ಧರ್ಧ. ತಾತನಿಗೆ ಇದು ಹೊಟ್ಟೆಯುರಿ. ಐವತ್ತು ವರ್ಷ ವೋಟು ಹಾಕಿದವನಿಗೆ ಮೇಜಿನ ಹಿಂದೆ ಜಾಗ ಇಲ್ಲ, ನಿನ್ನೆ ಮೊನ್ನೆ ಬಂದವಳು ಕೂತಿದ್ದೀಯ ಅಂತ ರೇಗಿಸುತ್ತಿದ್ದರು. ರೇಗಿಸುವುದರಲ್ಲಿ ಸ್ವಲ್ಪ ನಿಜವೂ ಇತ್ತು.

ಆ ಜಾಗ ಒಂದು ಸಲ ಕೈಗೆ ಬರುವುದರಲ್ಲಿತ್ತು. 1990ರಲ್ಲಿ ರಿಪಬ್ಲಿಕನ್ನರು ಗವರ್ನರ್ ಚುನಾವಣೆಗೆ ಪಿಯರ್ ರಿನ್‌ಫ್ರೆಟ್ ಅನ್ನುವ, ಯಾರಿಗೂ ಅಷ್ಟು ಗೊತ್ತಿಲ್ಲದ ಅರ್ಥಶಾಸ್ತ್ರಜ್ಞರನ್ನು ನಿಲ್ಲಿಸಿದರು. ಕನ್ಸರ್ವೇಟಿವರು ಒಪ್ಪದೆ ಹರ್ಬರ್ಟ್ ಲಂಡನ್ ಅವರನ್ನು ನಿಲ್ಲಿಸಿದರು. ಆಗಿನ ಗವರ್ನರ್, ಡೆಮಾಕ್ರಟ್ ಮಾರಿಯೋ ಕ್ಯುಮೋ ಸುಲಭವಾಗಿ ಗೆದ್ದರು. ಆದರೆ ಎಲ್ಲರ ಕಣ್ಣು ಎರಡನೇ ಜಾಗದ ಮೇಲೆ. ರಿನ್‌ಫ್ರೆಟ್‌ಗೆ ನೂರಕ್ಕೆ 21, ಲಂಡನ್‌ಗೆ 20. ಅಂತರ ಸುಮಾರು 38 ಸಾವಿರ ವೋಟು. ಅದನ್ನು ದಾಟಿದ್ದರೆ ಬಿ ಸಾಲು ಕನ್ಸರ್ವೇಟಿವರದು. ಅದರ ಜೊತೆಗೆ ರಾಜ್ಯದ ತುಂಬ ಚುನಾವಣಾ ಮಂಡಳಿಗಳ ಅರ್ಧ, ಇನ್‌ಸ್ಪೆಕ್ಟರುಗಳ ಅರ್ಧ. ರಿಪಬ್ಲಿಕನ್ನರು ಆವತ್ತು ರಾತ್ರಿ ಹೇಗೆ ನಿದ್ದೆ ಮಾಡಿದರೋ. ಮುಂದಿನ ಸಲ ಎಚ್ಚರ ವಹಿಸಿದರು. 1994ರಲ್ಲಿ ಜಾರ್ಜ್ ಪಟಾಕಿಗೆ ಎರಡೂ ಸಾಲು ಸಿಕ್ಕಿತು. ಅವರು ಕ್ಯುಮೋರನ್ನು ಸೋಲಿಸಿದ್ದು ಸುಮಾರು 1 ಲಕ್ಷ 74 ಸಾವಿರದಲ್ಲಿ. ಕನ್ಸರ್ವೇಟಿವ್ ಸಾಲಿನಿಂದ ಬಂದದ್ದು 3 ಲಕ್ಷ 28 ಸಾವಿರ. (ಹೆಸರು ಪಟಾಕಿ ಅಂತಲೇ. ನಮ್ಮ ಮನೆಯಲ್ಲಿ ಪ್ರತಿ ದೀಪಾವಳಿಗೆ ಈ ಜೋಕು ಒಂದು ಸಲ ಬಂದೇ ಬರುತ್ತದೆ.)

ತಾತ ಹೇಳಿದ ದರಿದ್ರ ಕಥೆ ಶುರುವಾದದ್ದು 1998ರಲ್ಲಿ. ಪಾರ್ಟಿಯದೇನೂ ತಪ್ಪಿರಲಿಲ್ಲ. ರಾಚೆಸ್ಟರ್ ಕಡೆಯ ಕೋಟ್ಯಧೀಶ ಟಾಮ್ ಗೊಲಿಸಾನೋ ಇಂಡಿಪೆಂಡೆನ್ಸ್ ಪಾರ್ಟಿ ಅಂತ ಮಾಡಿಕೊಂಡು, ಸ್ವಂತ ದುಡ್ಡು ಸುರಿದು ಸಿ ಸಾಲು ಕಿತ್ತುಕೊಂಡರು. ಅದು ಮರಳಿ ಬಂದದ್ದು 2010ರಲ್ಲಿ. ಹನ್ನೆರಡು ವರ್ಷ ಡಿ ಸಾಲಿನಲ್ಲಿ ಕೂರಬೇಕಾಯಿತು. ಲಿಬರಲ್ ಪಾರ್ಟಿಗೆ ಇನ್ನೂ ಕೆಟ್ಟ ಕಾಲ ಬಂತು. 2002ರಲ್ಲಿ 50 ಸಾವಿರ ದಾಟಲಿಲ್ಲ, ಸಾಲೇ ಹೋಯಿತು.

ಹಟ ಮಾಡಿ ಪೆಟ್ಟು ತಿಂದ ಕಥೆಯೂ ಇದೆ. 2009ರಲ್ಲಿ ರಾಜ್ಯದ ಉತ್ತರ ತುದಿಯ 23ನೇ ಕಾಂಗ್ರೆಸ್ ಕ್ಷೇತ್ರಕ್ಕೆ ಉಪಚುನಾವಣೆ. ರಿಪಬ್ಲಿಕನ್ ಅಭ್ಯರ್ಥಿ ಡೀಡಿ ಸ್ಕೊಝಫಾವಾ ಉದಾರವಾದಿ ಅಂತ ಕನ್ಸರ್ವೇಟಿವರು ಡಗ್ ಹಾಫ್‌ಮನ್ ಅನ್ನುವ ಅಕೌಂಟೆಂಟನ್ನು ನಿಲ್ಲಿಸಿದರು. ದೇಶದ ಬಲಪಂಥದ ದೊಡ್ಡ ದೊಡ್ಡವರೆಲ್ಲ ಹಾಫ್‌ಮನ್ ಹಿಂದೆ ಬಂದು ನಿಂತರು. ಚುನಾವಣೆಗೆ ಮೂರು ದಿನ ಇದೆ ಅನ್ನುವಾಗ ಸ್ಕೊಝಫಾವಾ ಕಣದಿಂದ ಹಿಂದೆ ಸರಿದರು. ಮಾರನೇ ದಿನ ಡೆಮಾಕ್ರಟ್‌ಗೇ ಬೆಂಬಲ ಕೊಟ್ಟರು. ಡೆಮಾಕ್ರಟ್ ಬಿಲ್ ಓವೆನ್ಸ್ ಗೆದ್ದರು. ಆ ಸೀಮೆಯ ಬಹುಪಾಲು ಊರುಗಳು ನೂರು ವರ್ಷಕ್ಕೂ ಮೀರಿ ಡೆಮಾಕ್ರಟ್ ಪ್ರತಿನಿಧಿಯನ್ನೇ ಕಂಡಿರಲಿಲ್ಲ. ಈ ಕಥೆಯನ್ನು ತಾತ ತಾವಾಗಿ ಹೇಳಿದ್ದಲ್ಲ. ನಾನೇ ಓದಿ ತಿಳಿದು, ಕೇಳಿದ್ದು. 'ಆ ವರ್ಷ ಹಿಮ ಬಹಳ ಬಿತ್ತು' ಅಂದರು.

ಇದರಲ್ಲಿ ಕೊಳಕೂ ಇದೆ. ಸಾಲು ಕೊಡುವ ಅಧಿಕಾರ ವೋಟರ ಕೈಲಿಲ್ಲ. 1947ರ ವಿಲ್ಸನ್-ಪಕುಲಾ ಕಾನೂನಿನ ಪ್ರಕಾರ, ಬೇರೆ ಪಾರ್ಟಿಯವನು ನಮ್ಮ ಸಾಲಿಗೆ ಬರಬೇಕಾದರೆ ನಮ್ಮ ಪಾರ್ಟಿಯ ಸಮಿತಿ ಒಪ್ಪಬೇಕು. ಅಂದರೆ ಕೆಲವೇ ಮುಖಂಡರು. ಒಬ್ಬ ಮನುಷ್ಯನ ಹತ್ತಿರ ಎಲ್ಲರಿಗೂ ಬೇಕಾದ ವಸ್ತು ಇದ್ದರೆ ಏನಾಗುತ್ತದೆ? ಜಡ್ಜ್ ಸ್ಥಾನಗಳಿಗೆ ಒಳಒಪ್ಪಂದ, ನೆಂಟರಿಗೆ ಕೌಂಟಿ (ಜಿಲ್ಲೆ ಇದ್ದ ಹಾಗೆ) ಕೆಲಸ, ಇಂಥ ಮಾತು ಈ ರಾಜ್ಯದಲ್ಲಿ ಯಾವತ್ತೂ ಕೇಳಿಬರುತ್ತದೆ. ಲಾಂಗ್ ಐಲೆಂಡಿನ ಸಫೋಕ್ ಕೌಂಟಿಯಲ್ಲಿ ಪಾರ್ಟಿಯ ಅಧ್ಯಕ್ಷರಾಗಿದ್ದವರು ಜೈಲಿನಲ್ಲಿ ಅಧಿಕಾರಿಯೂ ಆಗಿದ್ದರು. ಡ್ಯೂಟಿಯಲ್ಲಿದ್ದೇನೆ ಅಂತ ಸಂಬಳ ಎಣಿಸಿಕೊಂಡು ಆ ಹೊತ್ತಿನಲ್ಲಿ ಗಾಲ್ಫ್ ಆಡುತ್ತಿದ್ದರು, ಜೂಜಿಗೆ ಹೋಗುತ್ತಿದ್ದರು ಅಂತ 2016ರಲ್ಲಿ ಫೆಡರಲ್ ಕೋರ್ಟಿನಲ್ಲಿ ಅಪರಾಧಿ ಅಂತಾಯಿತು. ಕಾನೂನು, ಶಿಸ್ತು ಅಂತ ಭಾಷಣ ಮಾಡುವ ಪಾರ್ಟಿ. ತಾತನಿಗೆ ಆ ಸುದ್ದಿ ಓದಿ ನಿಜವಾಗಿ ಬೇಜಾರಾಗಿತ್ತು. ನಾನು ರೇಗಿಸಲಿಲ್ಲ.

2020ರಲ್ಲಿ ಕಾನೂನು ಬದಲಾಯಿತು. ಸಾಲು ಉಳಿಯಬೇಕಾದರೆ 1 ಲಕ್ಷ 30 ಸಾವಿರ ವೋಟು ಅಥವಾ ನೂರಕ್ಕೆ 2, ಯಾವುದು ಹೆಚ್ಚೋ ಅದು. ಅದೂ ನಾಲ್ಕು ವರ್ಷಕ್ಕಲ್ಲ, ಎರಡು ವರ್ಷಕ್ಕೊಮ್ಮೆ. ಇದಕ್ಕೂ ಮುಂಚೆ ಫ್ಯೂಷನ್ನಿಗೇ ಕತ್ತರಿ ಬೀಳುತ್ತದೆ ಅನ್ನಿಸಿದಾಗ ಕೋರ್ಟಿಗೆ ಹೋದವರು ಯಾರು? ಬಲಗಡೆಯ ಕನ್ಸರ್ವೇಟಿವರು ಮತ್ತು ಎಡಗಡೆಯ ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿಯವರು. ಹಾವು ಮುಂಗುಸಿ ಒಂದೇ ಬಿಲ ಉಳಿಸಿಕೊಳ್ಳಲು ಹೊರಟ ಹಾಗೆ. ಆ ವರ್ಷದ ಚುನಾವಣೆ ಮುಗಿದಾಗ ಉಳಿದ ಸಣ್ಣ ಪಾರ್ಟಿಗಳೂ ಅವೆರಡೇ. ಗ್ರೀನ್, ಲಿಬರ್ಟೇರಿಯನ್, ಇಂಡಿಪೆಂಡೆನ್ಸ್, ಎಲ್ಲ ಹೋದವು. ಸಿ ಸಾಲು ಕಿತ್ತುಕೊಂಡಿದ್ದ ಇಂಡಿಪೆಂಡೆನ್ಸ್ ಹೋಯಿತು ಅಂತ ತಾತ ಫೋನ್ ಮಾಡಿ ಹೇಳಿದರು. ಬೇಲಿಯಾಚೆ ಇರುವವರು ಫೋನ್ ಮಾಡಿದ್ದು ಅದೇ ಮೊದಲು. ಕೋವಿಡ್ ಕಾಲ.

ಮೇಜಿನ ಹಿಂದೆ ಕೂತರೆ ಈ ಸಾಲುಗಳ ವಿಷಯದಲ್ಲಿ ಜನ ಎಂಥ ಪ್ರಶ್ನೆ ಕೇಳುತ್ತಾರೆ ಗೊತ್ತಾ? ಒಬ್ಬ ಹುಡುಗ ಬಂದು, ನನಗೆ ಈ ಅಭ್ಯರ್ಥಿ ಬಹಳ ಇಷ್ಟ, ಎರಡೂ ಸಾಲಿನಲ್ಲಿ ತುಂಬಿದರೆ ಎರಡು ವೋಟು ಆಗುತ್ತಾ ಅಂದ. ಆಗಲ್ಲ ಕಣಪ್ಪ. ಒಂದೇ ವೋಟು. ಅದೂ ಮೇಲಿನ ಸಾಲಿನ ಲೆಕ್ಕಕ್ಕೆ ಹೋಗುತ್ತದೆ. ಅಂದರೆ ಬಿ ಮತ್ತು ಸಿ ಎರಡೂ ತುಂಬಿದರೆ ಬಿಗೆ ಸಿಗುತ್ತದೆ, ಸಿಗೆ ಸೊನ್ನೆ. ಸಿಗೆ ಬೇಕು ಅಂದರೆ ಸಿ ಒಂದನ್ನೇ ತುಂಬಬೇಕು. ಇದನ್ನು ತಾತನಿಗೆ ಹೇಳಿದಾಗ, ಗೊತ್ತಿಲ್ಲದವನಿಗೆ ಹೇಳು ಅನ್ನುವ ಹಾಗೆ ನೋಡಿದರು.

2022ರ ನವೆಂಬರ್. ಗವರ್ನರ್ ಚುನಾವಣೆ, ಡೆಮಾಕ್ರಟ್ ಕ್ಯಾಥಿ ಹೋಕಲ್ ಮತ್ತು ರಿಪಬ್ಲಿಕನ್ ಲೀ ಝೆಲ್ಡಿನ್. ತಾತನಿಗೆ 79. ಮಂಡಿ ಆಪರೇಷನ್ ಆಗಿತ್ತು. ಆದರೂ ವಾಕರ್ ಹಿಡಿದು ಬಂದರು. ಪೋಸ್ಟಿನಲ್ಲಿ ಕಳಿಸಬಹುದಿತ್ತು, ಕೇಳಲಿಲ್ಲ. ನನ್ನ ಮೇಜಿಗೇ ಬಂದು ಸಹಿ ಮಾಡಿದರು. ಒಳಗೆ ಬಂದಮೇಲೆ ಪಾರ್ಟಿಯ ಮಾತು ಆಡುವಂತಿಲ್ಲ. ಮೂರು ಬೆರಳು ತೋರಿಸಿ ಹೋದರು. ಎ, ಬಿ, ಸಿ. ನಾನು ಕಾಣದವಳ ಹಾಗೆ ಪೆನ್ನು ಸರಿಮಾಡಿದೆ.

ಒಂಬತ್ತಕ್ಕೆ ಬಾಗಿಲು ಹಾಕಿದೆವು. ಮೆಷಿನ್ನಿಗೆ ಕೀಲಿ ಹಾಕಿ ತಿರುಗಿಸಿದರೆ ಟೇಪು ಬರುತ್ತದೆ. ಅಂಗಡಿ ಬಿಲ್ಲಿನ ಹಾಗೆ, ಆದರೆ ಸೀರೆಯಷ್ಟು ಉದ್ದ. ಪ್ರತಿ ಹೆಸರು, ಪ್ರತಿ ಸಾಲು ಬೇರೆ ಬೇರೆ. ಎರಡೂ ಕಡೆಯ ಇನ್‌ಸ್ಪೆಕ್ಟರುಗಳು ಸಹಿ ಹಾಕಿದೆವು. ಝೆಲ್ಡಿನ್ ಸೋತರು. ಆದರೆ ರಾಜ್ಯದಲ್ಲಿ ಸಿ ಸಾಲಿನಿಂದ ಅವರಿಗೆ 3 ಲಕ್ಷಕ್ಕೂ ಜಾಸ್ತಿ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು. ಸಾಲು ಇನ್ನೆರಡು ವರ್ಷ ಭದ್ರ.

ಮನೆಗೆ ಬಂದಾಗ ಹತ್ತೂವರೆ. ತಾತನ ಅಡುಗೆಮನೆಯ ದೀಪ ಇನ್ನೂ ಉರಿಯುತ್ತಿತ್ತು. ಕಾರು ನಿಲ್ಲಿಸಿದ ಸದ್ದು ಕೇಳಿ ಕಿಟಕಿ ಎತ್ತಿದರು.

'ನಿನ್ನ ಮೆಷಿನ್ನಿನಲ್ಲಿ ಸಿ ಎಷ್ಟು?'

'38.'

ಸ್ವಲ್ಪ ಹೊತ್ತು ಮಾತಿಲ್ಲ. ಮನಸ್ಸಿನಲ್ಲೇ ಮನೆ ಮನೆ ಎಣಿಸುತ್ತಿದ್ದರು ಅಂತ ಕಾಣುತ್ತದೆ.

'ಹೋದ ಸಲ 41 ಇತ್ತು. ಮೂಲೆಮನೆಯವರು ಫ್ಲಾರಿಡಾಗೆ ಹೋದರಲ್ಲ, ಅವರೇ ಮೂರು ಜನ' ಅಂದು ಕಿಟಕಿ ಇಳಿಸಿದರು.